ಪುಸ್ತಕ ಒಂದು ಅಧ್ಯಾಯ ಮುಂದಿರಲಿ: 'ಲಾರ್ಡ್ ಆಫ್ ದ ರಿಂಗ್ಸ್' ಓದುವ, ನೋಡುವ ಕ್ರಮ

ಟೋಲ್ಕಿನ್ ಬರೆದ 'ದ ಲಾರ್ಡ್ ಆಫ್ ದ ರಿಂಗ್ಸ್' ಮೂರು ಸಂಪುಟ. ಪೀಟರ್ ಜಾಕ್ಸನ್ ತೆಗೆದ ಸಿನಿಮಾಗಳೂ ಮೂರು. ಹಾಗಾಗಿ ಒಂದು ಸಂಪುಟ ಓದಿ ಒಂದು ಸಿನಿಮಾ ನೋಡಿದರಾಯಿತು ಎಂದು ಬಹಳಷ್ಟು ಜನ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಮೊದಲ ಸಿನಿಮಾದಲ್ಲೇ ಕೈಕೊಡುತ್ತದೆ, ಏಕೆಂದರೆ ಸಂಪುಟ ನಿಲ್ಲುವ ಜಾಗದಲ್ಲಿ ಸಿನಿಮಾ ನಿಲ್ಲುವುದಿಲ್ಲ. ಮೊದಲ ಸಂಪುಟ ಮುಗಿಸಿ ಪರದೆಯ ಮುಂದೆ ಕೂತವರಿಗೆ ಕೊನೆಯ ಇಪ್ಪತ್ತು ನಿಮಿಷದಲ್ಲಿ ಎರಡನೇ ಸಂಪುಟದ ಆರಂಭದ ದೊಡ್ಡ ಘಟನೆಯೊಂದು ಓದುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಕಾರಣ ಪುಸ್ತಕದ ಕಟ್ಟಡದಲ್ಲೇ ಇದೆ. ಟೋಲ್ಕಿನ್ ಬರೆದದ್ದು ಒಂದೇ ಕಾದಂಬರಿ, ಅದರೊಳಗೆ ಆರು ಭಾಗ. ಯುದ್ಧಾನಂತರದ ಕಾಗದದ ಬೆಲೆ ಮತ್ತು ನಷ್ಟದ ಭಯದಿಂದ ಪ್ರಕಾಶಕರು ಅದನ್ನು ಮೂರು ಸಂಪುಟ ಮಾಡಿ ಮೊದಲೆರಡನ್ನು 1954ರಲ್ಲಿ, ಮೂರನೆಯದನ್ನು 1955ರ ಅಕ್ಟೋಬರ್‌ನಲ್ಲಿ ತಂದರು. ಆ ಆರು ಭಾಗಗಳನ್ನು ಇಲ್ಲಿ ಪರ್ವ ಎಂದು ಕರೆಯೋಣ. ಅವುಗಳಲ್ಲಿ ಕ್ರಮವಾಗಿ 12, 10, 11, 10, 10, 9 ಅಧ್ಯಾಯಗಳಿವೆ, ಒಟ್ಟು 62. ಓದಿನ ಯೋಜನೆ ಹಾಕುವಾಗ ಸಂಪುಟ ಮರೆತು ಪರ್ವ ಮತ್ತು ಅಧ್ಯಾಯದ ಲೆಕ್ಕ ಹಿಡಿಯಿರಿ.

ಈ ಲೇಖನದ ಮೊದಲರ್ಧದಲ್ಲಿ ಕಥೆಯ ತಿರುವುಗಳನ್ನು ಬಯಲು ಮಾಡಿಲ್ಲ. ಎಲ್ಲಿಂದ ಮಾಡಿದೆಯೋ ಅಲ್ಲಿ ಹೇಳಿದೆ. ಹೊಸಬರು ಅಲ್ಲಿಗೆ ನಿಲ್ಲಿಸಿ, ಓದು ಮುಗಿಸಿ ಬನ್ನಿ.

ಯಾವ ಪ್ರತಿ?

2004ರಲ್ಲಿ, ಐವತ್ತನೇ ವರ್ಷಕ್ಕೆ, ಹಳೆಯ ಮುದ್ರಣದೋಷಗಳನ್ನು ತಿದ್ದಿದ ಪಠ್ಯ ಬಂತು. ಅದನ್ನು ಆಧರಿಸಿದ ಯಾವ ಪ್ರತಿಯಾದರೂ ಸರಿ. ಹಳೆಯ ಪ್ರತಿ ಕೈಯಲ್ಲಿದ್ದರೆ ಅದನ್ನು ಬದಲಿಸಬೇಕಾದಷ್ಟು ವ್ಯತ್ಯಾಸವೇನಿಲ್ಲ. ನೋಡಬೇಕಾದದ್ದು ಎರಡು ವಿಷಯ. ಒಂದು, ಕೊನೆಯಲ್ಲಿ ಎ ಯಿಂದ ಎಫ್ ವರೆಗೆ ಆರು ಅನುಬಂಧ ಇವೆಯೇ? ಕೆಲವು ಹಳೆಯ ಒಂದೇ ಸಂಪುಟದ ಮುದ್ರಣಗಳಲ್ಲಿ ಅವನ್ನು ಬಹುಪಾಲು ಕೈಬಿಟ್ಟಿದ್ದಾರೆ. ಎರಡು, ನಕ್ಷೆಯ ಅಕ್ಷರ ಓದಲು ಬರುತ್ತದೆಯೇ? ಸಣ್ಣ ಅಳತೆಯ ಪ್ರತಿಗಳಲ್ಲಿ ದೊಡ್ಡ ನಕ್ಷೆಯನ್ನು ಕುಗ್ಗಿಸಿ ಎರಡು ಪುಟದ ಮಡಿಕೆಗೆ ಹಾಕಿರುತ್ತಾರೆ, ನಡುವಿನ ಊರುಗಳು ಹೊಲಿಗೆಯೊಳಗೆ ಹೂತುಹೋಗಿರುತ್ತವೆ. ಇ-ಪುಸ್ತಕದಲ್ಲಿ ಓದುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ನಕ್ಷೆಯನ್ನು ಎ4 ಹಾಳೆಗೆ ಮುದ್ರಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಇದು ಅಲಂಕಾರಕ್ಕಲ್ಲ, ಯಾರು ಯಾವ ದಿಕ್ಕಿಗೆ, ಯಾಕೆ ಸುತ್ತುಬಳಸಿ ಹೋಗುತ್ತಿದ್ದಾರೆ ಎಂಬುದು ನಕ್ಷೆಯಿಲ್ಲದೆ ತಿಳಿಯುವುದಿಲ್ಲ.

ಕೇಳುವ ಅಭ್ಯಾಸ ಇರುವವರಿಗೆ ಪೂರ್ಣ ಪಠ್ಯದ ಎರಡು ಧ್ವನಿಪುಸ್ತಕಗಳಿವೆ: 1990ರ ರಾಬ್ ಇಂಗ್ಲಿಸ್ ಓದು, 2021ರ ಆಂಡಿ ಸರ್ಕಿಸ್ ಓದು. ಸರ್ಕಿಸ್ ಸಿನಿಮಾದಲ್ಲಿ ಗಾಲಮ್ ಎಂಬ, ಉಂಗುರದ ಹುಚ್ಚು ಹಿಡಿದ ಜೀವಿಯ ಪಾತ್ರ ಮಾಡಿದವರು. ಆ ಧ್ವನಿ ಕೇಳಿದ ಮೇಲೆ ಗಾಲಮ್ ನಿಮ್ಮ ಮನಸ್ಸಿನಲ್ಲಿ ಬೇರೆ ದನಿಯಲ್ಲಿ ಮಾತಾಡಲಾರ, ಆದ್ದರಿಂದ ಸ್ವಂತ ಕಲ್ಪನೆ ಮೊದಲು ಬೇಕೆನ್ನುವವರು ಇಂಗ್ಲಿಸ್ ಆರಿಸಲಿ.

ಓದಿನ ಹೆಜ್ಜೆಗಳು

1. ಮೊದಲು 'ದ ಹಾಬಿಟ್'. 1937ರ ಪುಸ್ತಕ, 19 ಅಧ್ಯಾಯ, ಮಕ್ಕಳಿಗೆ ಹೇಳುವ ಧಾಟಿ. ಸಮಯ ಇಲ್ಲದಿದ್ದರೆ ಐದನೇ ಅಧ್ಯಾಯವನ್ನಾದರೂ ಓದಿ. ದೊಡ್ಡ ಪುಸ್ತಕದ ಕಥೆಗೆಲ್ಲ ಮೂಲವಾದ ಉಂಗುರ ಕೈಗೆ ಸಿಗುವುದು ಅಲ್ಲೇ.

2. ದೊಡ್ಡ ಪುಸ್ತಕದ ಪೀಠಿಕೆಯನ್ನು ದಾಟಿ ಹೋಗಿ. ಹಾಬಿಟ್ ಎಂಬ ಕುಳ್ಳ ಜನರ ವಂಶ, ಅವರ ಹೊಗೆಸೊಪ್ಪು, ಅವರ ನಾಡಾದ ಶೈರ್‌ನ ಆಡಳಿತ ಎಲ್ಲ ಅಲ್ಲಿದೆ; ಪ್ರೀತಿ ಹುಟ್ಟಿದ ಮೇಲೆ ರುಚಿಸುವ ವಿವರಗಳು. 'ಹಾಬಿಟ್' ಓದದವರು ಮಾತ್ರ ಪೀಠಿಕೆಯ ನಾಲ್ಕನೇ ಭಾಗ, ಉಂಗುರ ಸಿಕ್ಕ ಕಥೆ, ಓದಿಕೊಳ್ಳಬೇಕು.

3. ವಾರಕ್ಕೆ ಐದು ಅಧ್ಯಾಯ ಇಟ್ಟುಕೊಳ್ಳಿ. ಹನ್ನೆರಡು, ಹದಿಮೂರು ವಾರಕ್ಕೆ ಮುಗಿಯುತ್ತದೆ. ಇದಕ್ಕಿಂತ ನಿಧಾನವಾದರೆ ಹೆಸರುಗಳು ಮರೆತುಹೋಗುತ್ತವೆ.

4. ಎರಡನೇ ಪರ್ವ ಮುಗಿದಾಗ ನಿಲ್ಲಬೇಡಿ. ಮೂರನೇ ಪರ್ವದ ಮೊದಲ ಅಧ್ಯಾಯ ಓದಿ, ಆಮೇಲೆ ಮೊದಲ ಸಿನಿಮಾ ನೋಡಿ. ಆ ಅಧ್ಯಾಯ ಕೆಲವೇ ಪುಟದ್ದು, ಸಿನಿಮಾ ನಿಲ್ಲುವುದೂ ಅಲ್ಲಿಗೇ.

5. ಎರಡನೇ ಸಿನಿಮಾಕ್ಕೆ ಮೂರು ಮತ್ತು ನಾಲ್ಕನೇ ಪರ್ವ ಎರಡೂ ಪೂರ್ತಿ ಆಗಿರಲಿ. ಸಿನಿಮಾ ಅಷ್ಟು ದೂರ ಹೋಗುವುದಿಲ್ಲ, ಆ ಪರ್ವಗಳ ಕೊನೆಯ ಅಧ್ಯಾಯಗಳೆಲ್ಲ ಮೂರನೇ ಸಿನಿಮಾಕ್ಕೆ ಹೋಗಿವೆ. ಪುಸ್ತಕ ಮುಂದಿದ್ದರೆ ನಷ್ಟವಿಲ್ಲ.

6. ಮೂರನೇ ಸಿನಿಮಾಕ್ಕೆ ಮೊದಲು ಆರನೇ ಪರ್ವದ ಕೊನೆಯ ಸಾಲಿನವರೆಗೂ ಓದಿ ಮುಗಿಸಿ. "ಯುದ್ಧ ಮುಗಿಯಿತಲ್ಲ, ಉಳಿದದ್ದು ಆಮೇಲೆ" ಎಂದು ಸಿನಿಮಾ ಹಾಕಿಕೊಂಡವರು ಆ ಉಳಿದದ್ದನ್ನು ಓದುವುದು ಅಪರೂಪ. ಸಿನಿಮಾದಲ್ಲಿ ಇಲ್ಲದ್ದು ಇರುವುದು ಅಲ್ಲೇ.

ಅನುಬಂಧ ಬಿ ಎಂಬುದು ಕಾಲಗಣನೆಯ ಪಟ್ಟಿ. ಓದುವಾಗ ದಿನಾಂಕ ಹುಡುಕಲು ಅದನ್ನು ತೆರೆಯಬೇಡಿ. ಯಾರು ಸತ್ತರು, ಯಾರು ಗೆದ್ದರು, ಯಾರು ಯಾರನ್ನು ಮದುವೆಯಾದರು ಎಲ್ಲವೂ ಸಾಲಾಗಿ ಬರೆದಿದೆ. ಕೊನೆಯ ಹೆಸರುಗಳ ಸೂಚಿಯೂ ಅಷ್ಟೇ ಅಪಾಯ.

ಎಲ್ಲಿ ಕಾಲು ಹೂಳುತ್ತದೆ

ಪುಸ್ತಕ ಬಿಟ್ಟವರು ಸಾಮಾನ್ಯವಾಗಿ ನಾಲ್ಕು ಜಾಗದಲ್ಲಿ ಬಿಡುತ್ತಾರೆ. ಒಂದು ಪೀಠಿಕೆ, ಅದರ ಮಾತು ಆಯಿತು.

ಎರಡನೆಯದು ಹೆಸರುಗಳು. ಉಂಗುರ ಮಾಡಿದ ದುಷ್ಟ ಒಡೆಯ ಸೌರಾನ್ ಬೇರೆ, ಮಂತ್ರವಾದಿ ಸಾರುಮಾನ್ ಬೇರೆ. ಈ ಗೊಂದಲ ಎಷ್ಟು ನಿಜವೆಂದರೆ ರಾಲ್ಫ್ ಬಕ್ಷಿಯ 1978ರ ಅನಿಮೇಷನ್ ಸಿನಿಮಾದಲ್ಲಿ ಸಾರುಮಾನ್‌ನನ್ನು ಅಲ್ಲಲ್ಲಿ 'ಆರುಮಾನ್' ಎಂದೇ ಕರೆಯುತ್ತಾರೆ. ಜೊತೆಗೆ ಒಬ್ಬನಿಗೇ ಹಲವು ಹೆಸರು: ಆರಗಾರ್ನ್, ಸ್ಟ್ರೈಡರ್, ಎಲೆಸ್ಸಾರ್ ಒಬ್ಬನೇ, ಇನ್ನೊಬ್ಬ ಮಂತ್ರವಾದಿ ಗ್ಯಾಂಡಾಲ್ಫ್, ಮಿತ್ರಾಂಡಿರ್ ಒಬ್ಬನೇ. ಒಂದು ಹಾಳೆಯಲ್ಲಿ ನಾಲ್ಕು ಕಲಂ ಹಾಕಿ: ಹೆಸರು, ಇನ್ನೊಂದು ಹೆಸರು, ಯಾವ ನಾಡಿನವರು, ಮೊದಲು ಕಂಡ ಅಧ್ಯಾಯ. ಕನ್ನಡದಲ್ಲೇ ಬರೆಯಿರಿ, ಉಚ್ಚಾರ ಗಟ್ಟಿಯಾಗುತ್ತದೆ. ಅನುಬಂಧ ಇ ಪ್ರಕಾರ ಎಲ್ಫ್ ಎಂಬ ಅಮರ ಜನರ ಭಾಷೆಯ ಹೆಸರುಗಳಲ್ಲಿ 'ಸಿ' ಅಕ್ಷರಕ್ಕೆ ಯಾವಾಗಲೂ 'ಕ' ಧ್ವನಿ. ಹಾಗಾಗಿ ಕೆಲೆಬೋರ್ನ್, ಕಿರಿತ್ ಉಂಗೋಲ್. ನಲವತ್ತು ಹೆಸರು ಬರೆಯುವ ಹೊತ್ತಿಗೆ ಹಾಳೆ ನೋಡುವ ಅಗತ್ಯವೇ ಬರುವುದಿಲ್ಲ.

ಮೂರನೆಯದು ಎರಡನೇ ಪರ್ವದ ಎರಡನೇ ಅಧ್ಯಾಯ, ಎಲ್ಫ್ ಒಡೆಯ ಎಲ್ರಂಡ್‌ನ ಸಭೆ. ಸಾಮಾನ್ಯ ಅಧ್ಯಾಯದ ಸುಮಾರು ಎರಡರಷ್ಟು ಉದ್ದ, ಕ್ರಿಯೆ ಇಲ್ಲ, ಬರೀ ಮಾತು. ಒಬ್ಬೊಬ್ಬರು ಎದ್ದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಲ್ಲಿ ನಡೆದದ್ದನ್ನು ಹೇಳುತ್ತಾರೆ. ಎರಡು ಸಲ ಕೂತು ಓದುವಂತೆ ಒಡೆದುಕೊಳ್ಳಿ. ಗ್ಯಾಂಡಾಲ್ಫ್ ತನ್ನ ಕಥೆ ಶುರುಮಾಡುವ ಮುಂಚೆ ನಿಲ್ಲಿಸಬಹುದು. ಯಾರು ಮಾತಾಡಿದರು, ಯಾವ ಸುದ್ದಿ ತಂದರು ಎಂದು ಒಬ್ಬೊಬ್ಬರಿಗೆ ಒಂದೊಂದು ಸಾಲು ಬರೆದುಕೊಂಡರೆ ಆಮೇಲಿನ ನಲವತ್ತೆಂಟು ಅಧ್ಯಾಯಕ್ಕೆ ಅದೇ ಕೀಲಿ. ಇಡೀ ಪುಸ್ತಕದ ರಾಜಕಾರಣ ಈ ಒಂದು ಅಧ್ಯಾಯದಲ್ಲಿದೆ. ಇದನ್ನು ಸರಸರ ದಾಟಿದವರಿಗೆ ಮುಂದೆ ಯುದ್ಧಗಳು ಬರೀ ಯುದ್ಧಗಳಾಗಿ ಕಾಣುತ್ತವೆ.

ನಾಲ್ಕನೆಯದು ನಾಲ್ಕನೇ ಪರ್ವದ ಆರಂಭ. ಸಿನಿಮಾದಲ್ಲಿ ಎರಡು ದಾರಿಯ ಕಥೆಗಳು ಒಂದಾದ ಮೇಲೊಂದು ಕತ್ತರಿಸಿಕೊಂಡು ಬರುತ್ತವೆ. ಟೋಲ್ಕಿನ್ ಹಾಗೆ ಮಾಡುವುದಿಲ್ಲ. ಮೂರನೇ ಪರ್ವ ಪೂರ್ತಿ ಒಂದು ಗುಂಪಿನದು. ನಾಲ್ಕನೆಯದು ಕಾಲದಲ್ಲಿ ಹಿಂದಕ್ಕೆ ಹೋಗಿ ಇನ್ನೊಂದು ಗುಂಪನ್ನು ಹಿಡಿಯುತ್ತದೆ. ಸಿನಿಮಾ ನೋಡಿ ಓದಲು ಬಂದವರಿಗೆ ಕಥೆ ನಿಂತುಹೋದಂತೆ ಅನಿಸುವುದು ಇಲ್ಲಿಯೇ. ಕಡೆಗೆ ಈ ಪರ್ವ ಒಂದು ಬಿಕ್ಕಟ್ಟಿನಲ್ಲಿ ನಿಲ್ಲುತ್ತದೆ, ಐದನೇ ಪರ್ವದ ಹತ್ತು ಅಧ್ಯಾಯ ಆ ಕಡೆ ತಿರುಗಿಯೂ ನೋಡುವುದಿಲ್ಲ. ಪುಟ ತಿರುಗಿಸಿ ಇಣುಕುವ ಆಸೆ ಬರುತ್ತದೆ, ಬೇಡ. ಮನುಷ್ಯರ ರಾಜ್ಯ ಗೊಂಡೋರ್‌ನಲ್ಲಿರುವವರಿಗೆ ಉಂಗುರ ಹೊತ್ತ ಹಾಬಿಟ್ ಫ್ರೋಡೊ ಏನಾದ ಎಂದು ಗೊತ್ತಿಲ್ಲ. ಓದುಗನಿಗೂ ಅಷ್ಟೇ ಕತ್ತಲೆ ಇರಲೆಂದೇ ಲೇಖಕರು ಹೀಗೆ ಕಟ್ಟಿದ್ದಾರೆ. ಇಣುಕಿದರೆ ಐದನೇ ಪರ್ವದ ಕೊನೆಯ ಅಧ್ಯಾಯದ ಪೆಟ್ಟು ತಗ್ಗುತ್ತದೆ.

ಪದ್ಯಗಳ ಬಗ್ಗೆ ಒಂದು ಮಾತು. ಮೊದಲ ಓದಿನಲ್ಲಿ ಹಾರಿಸಿದರೆ ಪಾಪವೇನಿಲ್ಲ. ಆದರೆ ಮೂರನ್ನು ಹಾರಿಸಬೇಡಿ: ಪುಸ್ತಕದ ಆರಂಭದ ಉಂಗುರದ ಪದ್ಯ, ಮೊದಲ ಪರ್ವದ ಹತ್ತನೇ ಅಧ್ಯಾಯದಲ್ಲಿ ಗ್ಯಾಂಡಾಲ್ಫ್ ಪತ್ರದೊಳಗಿನ ಪದ್ಯ, ಎಲ್ರಂಡ್‌ನ ಸಭೆಯಲ್ಲಿ ಗೊಂಡೋರ್‌ನ ಬೊರೊಮಿರ್ ಹೇಳುವ ಕನಸಿನ ಪದ್ಯ. ಮೂರೂ ಕಥೆಯ ಕೀಲುಗಳು.

ಯಾವ ಸಿನಿಮಾ, ಹೇಗೆ

ಚಿತ್ರಮಂದಿರದ ಆವೃತ್ತಿಗಳ ಉದ್ದ 178, 179, 201 ನಿಮಿಷ. ವಿಸ್ತೃತ ಆವೃತ್ತಿಗಳು ಕ್ರಮವಾಗಿ 228, 235, 263 ನಿಮಿಷ. ಇದರಲ್ಲಿ ಕೊನೆಗೆ ಬರುವ ಅಭಿಮಾನಿಗಳ ಹೆಸರಿನ ಉದ್ದುದ್ದ ಪಟ್ಟಿಯೂ ಸೇರಿದೆ, ಮೊದಲ ಸಿನಿಮಾದಲ್ಲಿ ಅದೇ ಇಪ್ಪತ್ತು ನಿಮಿಷದಷ್ಟು. ಪುಸ್ತಕ ಓದಿದವರು ನೇರ ವಿಸ್ತೃತ ಆವೃತ್ತಿಗೆ ಹೋಗಿ. ಸೇರಿಸಿದ ದೃಶ್ಯಗಳು ಹೆಚ್ಚಾಗಿ ಓದುಗರು ಹುಡುಕುವಂಥವೇ. ಓದದೆ ಜೊತೆಗೆ ಕೂರುವವರು ಇದ್ದರೆ ಚಿತ್ರಮಂದಿರದ್ದೇ ಸರಿ, ಅದರ ಓಟ ಬಿಗಿಯಾಗಿದೆ. ಮೂರನೇ ಸಿನಿಮಾದ ವಿಸ್ತೃತ ಆವೃತ್ತಿ ಒಂದು ದೊಡ್ಡ ಆಗಮನದ ಗುಟ್ಟನ್ನು ಮೊದಲೇ ಬಿಟ್ಟುಕೊಡುತ್ತದೆ ಎಂಬ ದೂರು ನ್ಯಾಯವಾದದ್ದು.

ಡಿಸ್ಕ್‌ನಲ್ಲಿ ನೋಡುವವರಿಗೆ: 2011ರ ವಿಸ್ತೃತ ಬ್ಲೂ-ರೇಯಲ್ಲಿ ಮೊದಲ ಸಿನಿಮಾಕ್ಕೆ ಹಸಿರು ಛಾಯೆ ಬಂದಿದೆ, ಹಿಮ ಕೂಡ ತುಸು ಹಸಿರಾಗಿ ಕಾಣುತ್ತದೆ. ನಿಮ್ಮ ಟಿವಿಯ ತಪ್ಪಲ್ಲ, ಸರಿಮಾಡಲು ಹೋಗಬೇಡಿ. 2020ರ ಕೊನೆಯಲ್ಲಿ ಬಂದ 4ಕೆ ಆವೃತ್ತಿಗೆ ಬಣ್ಣವನ್ನು ಹೊಸದಾಗಿ ಹೊಂದಿಸಿದ್ದಾರೆ.

ಟಿವಿಯಲ್ಲಿ ಮೊದಲು 'ಮೋಷನ್ ಸ್ಮೂದಿಂಗ್' ಆಫ್ ಮಾಡಿ. ಈ ಸಿನಿಮಾಗಳು ಸೆಕೆಂಡಿಗೆ 24 ಫ್ರೇಮಿನವು. ಟಿವಿ ನಡುವೆ ಫ್ರೇಮು ಹುಟ್ಟಿಸಿದರೆ ಸಣ್ಣ ಮಾದರಿ ಕಟ್ಟಿ ಚಿತ್ರಿಸಿದ ಕೋಟೆಗಳು ಆಟಿಕೆಯಂತೆ ಕಾಣುತ್ತವೆ. ಆಮೇಲೆ ಅಡಿಬರಹ. ಎಲ್ಫ್ ಭಾಷೆಯ ಮಾತುಗಳಿಗೆ ಮಾತ್ರ ಬರುವ ಅಡಿಬರಹ ಕೆಲವು ಪ್ಲೇಯರ್‌ಗಳಲ್ಲಿ ಬಿಟ್ಟುಹೋಗುತ್ತದೆ. ಮೊದಲ ಸಿನಿಮಾದಲ್ಲಿ ಆರ್ವೆನ್, ಆರಗಾರ್ನ್ ಸೇತುವೆಯ ಮೇಲೆ ಮಾತಾಡುವ ದೃಶ್ಯಕ್ಕೆ ಹೋಗಿ ಪರೀಕ್ಷಿಸಿ; ಅಲ್ಲಿ ಅಡಿಬರಹ ಕಾಣದಿದ್ದರೆ ಪೂರ್ಣ ಅಡಿಬರಹ ಹಾಕಿಕೊಳ್ಳುವುದೇ ಉಪಾಯ.

ಒಂದೇ ದಿನ ಮೂರನ್ನೂ ನೋಡುವ ಹಟ ಬೇಡ. ವಿಸ್ತೃತ ಆವೃತ್ತಿ ಡಿಸ್ಕ್‌ನಲ್ಲಿ ತಲಾ ಎರಡು ಭಾಗವಾಗಿದೆ, ಮೊದಲ ಸಿನಿಮಾದ ಮೊದಲ ಭಾಗ ಎಲ್ರಂಡ್‌ನ ಸಭೆಗೆ ಮುಗಿಯುತ್ತದೆ. ಆರು ಸಂಜೆ ಅಂದುಕೊಂಡರೆ ಸಲೀಸು.

ಇಲ್ಲಿಂದ ಮುಂದೆ ಕಥೆ ಬಯಲು

ಓದಿ, ನೋಡಿ ಆದ ಮೇಲೆ "ಪುಸ್ತಕದಲ್ಲಿ ಹೀಗಿಲ್ಲ" ಎಂಬ ತಕರಾರು ಶುರುವಾಗುತ್ತದೆ. ಅದನ್ನು ಉಪಯುಕ್ತ ಮಾಡಿಕೊಳ್ಳಬೇಕಾದರೆ ಪ್ರತಿ ಬದಲಾವಣೆಯನ್ನು ನಾಲ್ಕರಲ್ಲಿ ಒಂದು ಗುಂಪಿಗೆ ಹಾಕಿ: ಕೈಬಿಟ್ಟದ್ದು, ಜಾಗ ಬದಲಿಸಿದ್ದು, ಇನ್ನೊಬ್ಬರ ಬಾಯಿಗೆ ಅಥವಾ ಕೈಗೆ ಕೊಟ್ಟದ್ದು, ಹೊಸದಾಗಿ ಹುಟ್ಟಿಸಿದ್ದು. ಆಮೇಲೆ ಒಂದೇ ಪ್ರಶ್ನೆ: ಇದರಿಂದ ಮುಂದೆ ಏನು ಕಳಚಿತು?

ಟಾಮ್ ಬಾಂಬಡಿಲ್‌ನನ್ನು ತೆಗೆದುಕೊಳ್ಳಿ. ಮೊದಲ ಪರ್ವದ 6ರಿಂದ 8ನೇ ಅಧ್ಯಾಯ ಪೂರ್ತಿ ಸಿನಿಮಾದಲ್ಲಿಲ್ಲ. ಹಾಡು ಹೇಳುತ್ತಾ ಕುಣಿಯುವ ಆ ಮುದುಕ ಹೋದರೆ ಹೋಗಲಿ ಎನ್ನಬಹುದು. ಆದರೆ 8ನೇ ಅಧ್ಯಾಯದ ಸಮಾಧಿದಿಬ್ಬದಲ್ಲಿ ಹಾಬಿಟ್‌ಗಳಿಗೆ ಸಿಗುವ ಹಳೆಯ ಕತ್ತಿಗಳೂ ಅವನ ಜೊತೆಗೇ ಹೋದವು. ಅವು ಆಂಗ್ಮಾರ್‌ನ ಅರಸನ ವಿರುದ್ಧ ಹೋರಾಡಿದವರು ಮಾಡಿದ ಕತ್ತಿಗಳು. ಐದನೇ ಪರ್ವದ ಆರನೇ ಅಧ್ಯಾಯದಲ್ಲಿ ಅದೇ ಅರಸನಿಗೆ ಮೆರ್ರಿ ಇರಿಯುವುದು ಅದೇ ಕತ್ತಿಯಿಂದ. ಬೇರೆ ಯಾವ ಕತ್ತಿಯೂ ಅವನ ಮಾಯೆಯನ್ನು ಹಾಗೆ ಕಡಿಯಲಾರದಾಗಿತ್ತು ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಸಿನಿಮಾದಲ್ಲಿ ಆರಗಾರ್ನ್ ವೆದರ್‌ಟಾಪ್‌ನಲ್ಲಿ ಕತ್ತಿ ಹಂಚುತ್ತಾನೆ, ಅವಕ್ಕೆ ಚರಿತ್ರೆಯಿಲ್ಲ. ಮೆರ್ರಿಯ ಏಟು ಧೈರ್ಯದ್ದಾಗಿ ಉಳಿಯುತ್ತದೆ, ನೂರಾರು ವರ್ಷದ ಹಿಂದಿನ ಕಮ್ಮಾರನ ಲೆಕ್ಕ ಚುಕ್ತಾ ಆಗುವುದಿಲ್ಲ.

ಇನ್ನೊಂದು ಎಳೆ ಸ್ಯಾಮ್‌ನ ಪೆಟ್ಟಿಗೆ. ಗಲಾಡ್ರಿಯೆಲ್ ಅವನಿಗೆ ಕೊಡುವುದು ತನ್ನ ತೋಟದ ಮಣ್ಣು ತುಂಬಿದ ಸಣ್ಣ ಪೆಟ್ಟಿಗೆ. ವಿಸ್ತೃತ ಸಿನಿಮಾದಲ್ಲಿ ಅವನಿಗೆ ಸಿಗುವುದು ಹಗ್ಗ. ಏಕೆಂದರೆ ಆ ಮಣ್ಣಿನ ಕೆಲಸ ಇರುವುದು ಆರನೇ ಪರ್ವದ ಕೊನೆಗೆ. ಹಾಬಿಟ್‌ಗಳು ಊರಿಗೆ ಮರಳಿದಾಗ ಶೈರ್ ಹಾಳಾಗಿರುತ್ತದೆ, ಮರಗಳನ್ನು ಕಡಿದಿರುತ್ತಾರೆ, ಅವರೇ ಹೋರಾಡಿ ಊರನ್ನು ಬಿಡಿಸಿಕೊಳ್ಳುತ್ತಾರೆ. ಎಂಟನೇ ಅಧ್ಯಾಯದ ಈ ಭಾಗವನ್ನು ಸಿನಿಮಾ ಕೈಬಿಟ್ಟಿತು, ಹಾಗಾಗಿ ಮಣ್ಣೂ ಬೇಡವಾಯಿತು. ಸಾರುಮಾನ್ ಸಾಯುವುದೂ ಅಲ್ಲೇ, ಫ್ರೋಡೊನ ಮನೆಬಾಗಿಲಲ್ಲಿ. ಅಧ್ಯಾಯ ಹೋದ ಮೇಲೆ ಅವನ ಸಾವಿಗೆ ಜಾಗವಿಲ್ಲದೆ ವಿಸ್ತೃತ ಆವೃತ್ತಿಯಲ್ಲಿ ಗೋಪುರದ ಮೇಲೆ ಕೊಲ್ಲಿಸಿದರು. ಚಿತ್ರಮಂದಿರದ ಆವೃತ್ತಿಯಲ್ಲಿ ಅದೂ ಇಲ್ಲ. ಸಿನಿಮಾದ ನಷ್ಟಗಳಲ್ಲಿ ದೊಡ್ಡದು ಇದೇ: ಹೊರಗೆ ಗೆದ್ದವರು ತಮ್ಮ ಊರಿನಲ್ಲೇ ಮತ್ತೆ ಹೋರಾಡಬೇಕಾದ ಕಥೆ ಅಲ್ಲಿಲ್ಲ.

ಫರಾಮಿರ್ ವಿಷಯದಲ್ಲಿ ಓದುಗರ ಸಿಟ್ಟು ಹೆಚ್ಚು. ಪುಸ್ತಕದಲ್ಲಿ ಅವನು ಉಂಗುರವನ್ನು ಬಯಸುವುದಿಲ್ಲ, ಸಿನಿಮಾದಲ್ಲಿ ಫ್ರೋಡೊನನ್ನು ಓಸ್ಗಿಲಿಯತ್‌ಗೆ ಎಳೆದೊಯ್ಯುತ್ತಾನೆ. ಬೈಯುವ ಮೊದಲು ಜಾಗ ಬದಲಿಸಿದ್ದರ ಗುಂಪು ನೋಡಿ: ಶೀಲಾಬ್‌ನ ಗುಹೆ ಮೂರನೇ ಸಿನಿಮಾಕ್ಕೆ ಹೋಗಿದೆ, ಆದ್ದರಿಂದ ಎರಡನೆಯದರಲ್ಲಿ ಫ್ರೋಡೊನ ದಾರಿಗೆ ಕೊನೆಯ ಬಿಕ್ಕಟ್ಟೇ ಇರಲಿಲ್ಲ. ಒಂದು ಸ್ಥಳಾಂತರ ಇನ್ನೊಂದು ಸೃಷ್ಟಿಯನ್ನು ಬೇಡಿತು. ಒಪ್ಪುವುದು ಬಿಡುವುದು ನಿಮ್ಮಿಷ್ಟ, ಕಾರಣ ಗೊತ್ತಿರಲಿ. ಸ್ಯಾಮ್‌ನನ್ನು ಮೆಟ್ಟಿಲ ಮೇಲಿಂದ ಮನೆಗೆ ಅಟ್ಟುವ ದೃಶ್ಯಕ್ಕೆ ಇಂಥ ಸಮರ್ಥನೆ ಸಿಗುವುದು ಕಷ್ಟ.

ಬಾಯಿ ಬದಲಾದ ಮಾತುಗಳನ್ನು ಹುಡುಕುವುದು ಹೆಚ್ಚು ಖುಷಿಯ ಕೆಲಸ. ಸಿನಿಮಾದಲ್ಲಿ ವರ್ಮ್‌ಟಂಗ್ ಎಯೊವಿನ್‌ಗೆ ಹೇಳುವ ಒಂಟಿತನದ ಮಾತು ಪುಸ್ತಕದಲ್ಲಿ ಗ್ಯಾಂಡಾಲ್ಫ್‌ನದು, ಅದೂ ಅವಳು ಗಾಯಗೊಂಡು ಮಲಗಿದ ಮೇಲೆ. ಮಿನಾಸ್ ತಿರಿತ್‌ನ ಮುತ್ತಿಗೆಯ ನಡುವೆ ಸಾವಿನಾಚೆಯ ಬಿಳಿ ತೀರದ ಬಗ್ಗೆ ಗ್ಯಾಂಡಾಲ್ಫ್ ಪಿಪ್ಪಿನ್‌ಗೆ ಹೇಳುವುದು ಪುಸ್ತಕದ ಕೊನೆಯ ಅಧ್ಯಾಯದ ಬಣ್ಣನೆ.

ಎರಡನೇ ಸುತ್ತು

ಎರಡನೇ ಬಾರಿ ಸಿನಿಮಾ ನೋಡುವಾಗ ಕಿವಿಗೆ ಕೆಲಸ ಕೊಡಿ. ಹೋವರ್ಡ್ ಶೋರ್ ಪ್ರತಿ ನಾಡಿಗೂ ಒಂದು ರಾಗ, ಒಂದು ವಾದ್ಯ ಕೊಟ್ಟಿದ್ದಾರೆ: ಶೈರ್‌ಗೆ ತಗಡಿನ ಕೊಳಲು, ರೋಹನ್‌ಗೆ ನಾರ್ವೆಯ ಹಾರ್ಡ್ಯಾಂಗರ್ ಪಿಟೀಲು, ಐಸೆನ್‌ಗಾರ್ಡ್‌ಗೆ ಐದೆಣಿಕೆಯ ತಾಳದ ಬಡಿತ. ಒಂಬತ್ತು ಜನರ ಬಳಗದ ರಾಗ ರಿವೆಂಡೆಲ್‌ನಲ್ಲಿ ತುಂಬಿಕೊಳ್ಳುತ್ತದೆ, ಮೊರಿಯಾದ ನಂತರ ಚೂರುಚೂರಾಗಿ ಕೇಳುತ್ತದೆ. ಕಣ್ಣಿಗೂ ಕೆಲಸ ಬೇಕೆಂದರೆ ಬ್ಯಾಗ್ ಎಂಡ್ ಮನೆಯೊಳಗಿನ ದೃಶ್ಯಗಳಲ್ಲಿ ಗ್ಯಾಂಡಾಲ್ಫ್ ಮತ್ತು ಹಾಬಿಟ್‌ಗಳ ಎತ್ತರ ಗಮನಿಸಿ. ಆ ಮನೆಯನ್ನು ಎರಡು ಅಳತೆಯಲ್ಲಿ ಕಟ್ಟಿದ್ದರು. ಕೆಲವು ಶಾಟ್‌ಗಳಲ್ಲಿ ಒಬ್ಬರನ್ನು ಕ್ಯಾಮೆರಾಕ್ಕೆ ಹತ್ತಿರ, ಇನ್ನೊಬ್ಬರನ್ನು ದೂರ ಕೂರಿಸಿ ಕಣ್ಣಿಗೆ ಮೋಸ ಮಾಡಿದ್ದಾರೆ.

ಉಳಿದವು ಚುಟುಕಾಗಿ. 'ಹಾಬಿಟ್'ನ ಮೂರು ಸಿನಿಮಾ (2012–14) ಕೊನೆಗಿರಲಿ. 19 ಅಧ್ಯಾಯವನ್ನು ಎಳೆದು ಎಳೆದು ಮಾಡಿದ್ದು, ಟಾರಿಯೆಲ್ ಪುಸ್ತಕದಲ್ಲಿ ಇಲ್ಲವೇ ಇಲ್ಲ. 2022ರಲ್ಲಿ ಶುರುವಾದ 'ರಿಂಗ್ಸ್ ಆಫ್ ಪವರ್' ಸರಣಿಗೆ ಮುಖ್ಯ ಆಧಾರ ಅನುಬಂಧಗಳು, ಸಾವಿರಾರು ವರ್ಷದ ಘಟನೆಗಳನ್ನು ಒಂದೇ ಕಾಲಕ್ಕೆ ತಂದಿದ್ದಾರೆ. 1977ರಲ್ಲಿ ಮಗ ಕ್ರಿಸ್ಟೊಫರ್ ಸಂಪಾದಿಸಿ ಪ್ರಕಟಿಸಿದ 'ಸಿಲ್ಮರಿಲಿಯನ್' ಕಾದಂಬರಿಯಲ್ಲ, ಪುರಾಣ. ಅದರಿಂದ ಆರಂಭಿಸಿದವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ.

ಪುಸ್ತಕದ ಎರಡನೇ ಓದಿಗೆ ಅನುಬಂಧ ಬಿ ಈಗ ಧೈರ್ಯವಾಗಿ ತೆರೆಯಿರಿ, ದಿನಾಂಕದ ಪ್ರಕಾರ ಓದಬಹುದು. ಸೆಪ್ಟೆಂಬರ್ 22 ಹುಟ್ಟುಹಬ್ಬ, 23ಕ್ಕೆ ಹೊರಡುವುದು, ಅಕ್ಟೋಬರ್ 6 ವೆದರ್‌ಟಾಪ್, 25 ಸಭೆ, ಡಿಸೆಂಬರ್ 25 ರಿವೆಂಡೆಲ್ ಬಿಡುವುದು, ಜನವರಿ 15 ಮೊರಿಯಾದ ಸೇತುವೆ, ಫೆಬ್ರವರಿ 26 ಬೊರೊಮಿರ್ ಸಾವು, ಮಾರ್ಚ್ 15 ಪೆಲೆನ್ನೋರ್ ಯುದ್ಧ, ಮಾರ್ಚ್ 25 ಉಂಗುರದ ಅಂತ್ಯ. ಶೈರ್ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ 30 ದಿನ, ಹಾಗಾಗಿ ನಮ್ಮ ಕ್ಯಾಲೆಂಡರಿಗೆ ಒಂದೆರಡು ದಿನ ಆಚೀಚೆ ಆಗುತ್ತದೆ. ಈ ಓದಿನಲ್ಲಿ ಎಡವುವುದು ಹೀಗೆ: ಅಕ್ಟೋಬರ್ 25ರಿಂದ ಎರಡು ತಿಂಗಳು ಓದಲು ಏನೂ ಇರುವುದಿಲ್ಲ, ಕೈ ತಪ್ಪುತ್ತದೆ. ಆ ಬಿಡುವಿಗೆ 'ಹಾಬಿಟ್' ಇಟ್ಟುಕೊಳ್ಳಿ. ಅದಕ್ಕೆ ವಿರುದ್ಧವಾಗಿ ಫೆಬ್ರವರಿ 27ರಿಂದ ಮಾರ್ಚ್ 25ರೊಳಗೆ 62ರಲ್ಲಿ 33 ಅಧ್ಯಾಯಗಳು ಬಂದು ಬೀಳುತ್ತವೆ, ದಿನಕ್ಕೊಂದು ಓದಿದರೂ ಸಾಲದು. ಮಾರ್ಚ್ ಆರಂಭದ ಭಾನುವಾರಗಳಿಗೆ ಎರಡೆರಡು, ಮೂರು ಮೂರು ಅಧ್ಯಾಯ ಹಾಕಿ ಮುಂದೆ ಓಡಿರಿ. ಉಳಿಯುವ ಆರು ಅಧ್ಯಾಯಕ್ಕೆ ಅವಸರವಿಲ್ಲ. ಶೈರ್‌ನ ಹೋರಾಟದ ದಿನಾಂಕ ನವೆಂಬರ್ 3.